ಖೋ ಕೊಟ್ಟ ಮೇಲೆ ಕೂಡಬಾರದು

ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ ಐದೂವರೆ ಗಂಟೆ. ಸೊಲ್ಲಾಪುರದ ನಮ್ಮ ಕಾಲೇಜಿನ ಹಿಂದಿನ ಗರಸುಮಣ್ಣಿನ ಅಂಗಳ. ಹಾಜರಿದ್ದವರು ಒಂಬತ್ತು ಜನ ಹುಡುಗರು, ಅವರ ವ್ಯಾಯಾಮ ಶಿಕ್ಷಕನಾದ ನಾನು, ಮತ್ತು ಒಂದೇ ಒಂದು ಬಾಸ್ಕೆಟ್‌ಬಾಲ್. ಆ ಚೆಂಡನ್ನು ಅಂದು ನಾನು ಯಾರ ಕೈಗೂ ಕೊಡಲಿಲ್ಲ.

ಇಷ್ಟು ವರ್ಷಗಳ ಮೇಲೆ ಇದು ನೆನಪಾದದ್ದು ಟವೆಲ್ಲಿನ ವಾಸನೆಯಿಂದ. ಕಳೆದ ತಿಂಗಳು ಮಗಳು ಸೊಲ್ಲಾಪುರಕ್ಕೆ ಹೋದವಳು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಿಂದ ಒಂದು ಕಟ್ಟು ಟವೆಲ್ಲು ತಂದಳು. ಕಟ್ಟು ಬಿಚ್ಚಿದ ಕೂಡಲೆ ಹೊಸ ನೂಲಿನ ಗಂಜಿಯ ವಾಸನೆ ಮನೆಯೆಲ್ಲ ಹರಡಿತು. ಒಂದು ವರ್ಷ ಪೂರ್ತಿ ನನ್ನ ಬೆಳಗುಗಳಿಗೆ ಅದೇ ವಾಸನೆಯಿತ್ತು. ಐವತ್ತರ ದಶಕದ ನಡುವಿನ ವರ್ಷ ಅದು. ಸೊಲ್ಲಾಪುರ ಆಗ ಮುಂಬಯಿ ರಾಜ್ಯದಲ್ಲಿತ್ತು. ನಾನು ವ್ಯಾಯಾಮ ಶಿಕ್ಷಣದ ತರಬೇತಿ ಮುಗಿಸಿ, ಎಲ್ಲವನ್ನೂ ಸಿಳ್ಳೆಯ ಮೇಲೆ ನಡೆಸಬಹುದೆಂದು ನಂಬಿ, ಮೊದಲ ನೌಕರಿಗೆ ಬಂದಿದ್ದೆ.

ಆ ವರ್ಷ ಅಂಗಳಕ್ಕೆ ಟವೆಲ್ಲುಗಳನ್ನು ತಂದವನು ತಂಡದ ಹುಡುಗ ಅಂಬಾದಾಸ. ಅವನದು ನೇಕಾರರ ಮನೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ನೇಯುವಾಗ ಎಳೆ ತಪ್ಪಿ ಪೇಟೆಗೆ ಹೋಗದ ಟವೆಲ್ಲುಗಳನ್ನು ಅವನಪ್ಪ ತಂಡಕ್ಕೆಂದು ಕೊಟ್ಟಿದ್ದ. ಹುಡುಗರು ಅವು ಬೆವರು ಒರೆಸಲಿಕ್ಕೆ ಎಂದುಕೊಂಡಿದ್ದರು. ನಾನು ಹೇಳಿದ್ದು ಬೇರೆ. ಟವೆಲ್ಲನ್ನು ಕತ್ತಿನ ಹಿಂದೆ ಹಾಕಿ ಎರಡೂ ತುದಿ ಎರಡು ಕೈಯಲ್ಲಿ ಹಿಡಿಯಬೇಕು, ಮಂಡಿ ಬಾಗಿಸಬೇಕು, ಎದುರಿನವನು ಯಾವ ಕಡೆ ಹೋದರೂ ಅವನ ಮುಂದೆ ಅಡ್ಡಡ್ಡವಾಗಿ ಸರಿಯುತ್ತಲೇ ಇರಬೇಕು. ಟವೆಲ್ಲು ಕೈಯಿಂದ ಬಿಟ್ಟರೆ ಅಂಗಳ ಸುತ್ತಬೇಕು. ನಮ್ಮ ಹುಡುಗರೆಲ್ಲ ಹುತುತು, ಅಂದರೆ ಕಬಡ್ಡಿ, ಆಡಿ ಬೆಳೆದವರು. ಯಾರಾದರೂ ಪಕ್ಕದಿಂದ ಹಾಯ್ದರೆ ಸಾಕು, ಅವರ ಕೈ ತಾನಾಗಿ ಹೋಗಿ ಹಿಡಿಯುತ್ತಿತ್ತು. ಬಾಸ್ಕೆಟ್‌ಬಾಲಿನಲ್ಲಿ ಹಿಡಿದರೆ ಫೌಲು. ಕೈ ಕಟ್ಟಿಹಾಕದೆ ಕಾಲು ಕಲಿಯುವುದಿಲ್ಲ ಎಂಬುದು ನನ್ನ ಲೆಕ್ಕ.

ತಂಡದ ನಾಯಕ ಗುರುಶಾಂತನಿಗೆ ಇದು ಮೊದಲ ದಿನವೇ ಹಿಡಿಸಲಿಲ್ಲ. ಮಂಗಳವಾರ ಪೇಟೆಯ ವ್ಯಾಪಾರಿ ಮನೆತನದ ಹುಡುಗ. ಗುರಿ ಚೆನ್ನಾಗಿತ್ತು, ಕಾಲು ಸೋಮಾರಿ. "ಸರ, ನಾವು ಬಾಸ್ಕೆಟ್‌ಬಾಲ್ ಆಡಾಕ ಬಂದೀವೋ, ಏಡಿ ಆಗಾಕ ಬಂದೀವೋ?" ಎಂದ. ಎಲ್ಲರೂ ನಕ್ಕರು. ಮೊದಲು ಏಡಿಯಾಗು, ಆಟ ಆಮೇಲೆ ನೋಡೋಣ ಎಂದು ನಾನು ಸಿಳ್ಳೆ ಊದಿದೆ.

ನಾನು ಹೀಗೆ ಹಟ ಹಿಡಿಯಲು ಕಾರಣವಿತ್ತು. ಪ್ರತಿ ಚಳಿಗಾಲ ಅಕ್ಕಲಕೋಟದಲ್ಲಿ ಹಳೆಯ ಅರಮನೆಯ ಹತ್ತಿರದ ಬಯಲಿನಲ್ಲಿ ಕಾಲೇಜುಗಳ ಪಂದ್ಯ ನಡೆಯುತ್ತಿತ್ತು. ಹಿಂದಿನ ವರ್ಷ, ನಾನು ಬರುವ ಮೊದಲು, ಪುಣೆಯ ಕಡೆಯ ಒಂದು ಕಾಲೇಜು ನಮ್ಮವರನ್ನು ಎಷ್ಟು ಸುಲಭವಾಗಿ ಸೋಲಿಸಿತ್ತೆಂದರೆ, ಅರ್ಧ ಆಟ ಮುಗಿದ ಮೇಲೆ ಅವರು ತಮ್ಮ ಒಳ್ಳೆಯ ಆಟಗಾರರನ್ನೆಲ್ಲ ಕೂರಿಸಿ ಉಳಿದವರಿಂದ ಆಡಿಸಿದ್ದರು. ಆ ಸುದ್ದಿ ಊರೆಲ್ಲ ಹಬ್ಬಿತ್ತು. ನಾನು ಕೆಲಸಕ್ಕೆ ಹಾಜರಾದ ದಿನ ಪ್ರಿನ್ಸಿಪಾಲರು ಕಿಟಕಿಯಿಂದ ಅಂಗಳವನ್ನು ತೋರಿಸಿದರು. ವಿಜಾಪುರದ ಕಡೆಯವರು, ಮಾತು ಕಡಿಮೆ. ಹಳ್ಳಿಗಳಿಂದ, ಗಿರಣಿ ಕಾರ್ಮಿಕರ ಚಾಳುಗಳಿಂದ ಹುಡುಗರು ಸೈಕಲ್ಲಿನ ಮೇಲೆ ಬರುತ್ತಾರೆ, ಸೈಕಲ್ಲುಗಳು ಬಿಸಿಲಿಗೆ ನಿಂತು ಟಯರು ಒಡೆಯುತ್ತವೆ, ನೆರಳಿನ ಸ್ಟ್ಯಾಂಡು ಬೇಕು, ಸಮತಟ್ಟಾದ ಜಾಗ ಇದೊಂದೇ ಎಂದು ವಿವರಿಸಿದರು. ಕೊನೆಗೆ ಹೇಳಿದ್ದು ಇಷ್ಟು: "ಈ ವರ್ಷ ಅಕ್ಕಲಕೋಟದಾಗ ಮಾನಾ ಉಳಸ್ರಿ, ಅಂಗಳ ನಿಮ್ದು. ಇಲ್ಲಾಂದ್ರ ಸೈಕಲ್ಲಿಂದು."

ಅವರ ಮಾತಿನಲ್ಲಿ ಅನ್ಯಾಯವಿರಲಿಲ್ಲ. ಕೋಣೆಗೆ ಬಂದು ಯೋಚಿಸಿದೆ. ಒಂದು ಚೆಂಡಿನಿಂದ ಒಂಬತ್ತು ಜನರಿಗೆ ಒಂದೇ ವರ್ಷದಲ್ಲಿ ಗುರಿ ಕಲಿಸಲಾಗದು. ಆದರೆ ತಡೆಯುವುದನ್ನು ಕಲಿಯಲು ಚೆಂಡೇ ಬೇಕಿಲ್ಲ. ಕಾಲು ಬೇಕು, ಕಣ್ಣು ಬೇಕು, ದಿನಾಲೂ ಅದೇ ಹೊತ್ತಿಗೆ ಏಳುವ ಅಭ್ಯಾಸ ಬೇಕು. ಅಂಕ ಗಳಿಸುವುದು ಗುರುಶಾಂತನಿಗಿರಲಿ, ಉಳಿದವರಿಗೆ ಅಂಕ ಕೊಡದಿರುವುದನ್ನು ಕಲಿಸುತ್ತೇನೆ ಎಂದು ನಿಶ್ಚಯಿಸಿದೆ.

ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವನು ವಳಸಂಗದ ಬೀರಪ್ಪ. ಕುರಿ ಸಾಕುವ ಮನೆತನದವನು, ಬೀರೋಬನ ಒಕ್ಕಲು. ಕಾಲೇಜಿಗಾಗಿ ಸೊಲ್ಲಾಪುರದಲ್ಲಿ ಕೋಣೆ ಮಾಡಿಕೊಂಡಿದ್ದ. ಉದ್ದ ಕಾಲು, ಅವಸರವಿಲ್ಲದ ಸ್ವಭಾವ. ಎದುರಾಳಿ ನೂರು ಸಲ ಕಣ್ಣು ತಪ್ಪಿಸಲು ನೋಡಿದರೂ ಇವನು ಅವನ ಸೊಂಟದ ಮೇಲಿಂದ ದೃಷ್ಟಿ ಕದಲಿಸುತ್ತಿರಲಿಲ್ಲ.

ಶ್ರಾವಣ ಕಳೆಯಿತು. ಭಾದ್ರಪದದಲ್ಲಿ, ಸೊಲ್ಲಾಪುರಕ್ಕೆ ಬರುವುದೇ ಅಪರೂಪವಾದ ಮಳೆ ಒಮ್ಮೆಗೇ ಬಂದು ಗರಸಿನ ಮೇಲೆ ನೀರು ನಿಲ್ಲಿಸಿತು. ನಾವು ಕಾಲೇಜಿನ ವರಾಂಡದಲ್ಲಿ ಸಾಲಾಗಿ ಏಡಿಗಳಂತೆ ಸರಿದಾಡಿದೆವು. ಮಳೆ ನಿಂತ ಮೇಲೆ ಊರಿನ ಹಿರಿಯ ಆಟಗಾರರ ತಂಡವನ್ನು ಒಂದು ಸಂಜೆ ಆಟಕ್ಕೆ ಕರೆದೆ. ಅಲ್ಲಿ ನನ್ನ ಪಾಠದ ತೂತು ಕಂಡಿತು.

ನಾನು ಕಲಿಸಿದ್ದು ಒಬ್ಬನಿಗೆ ಒಬ್ಬ. ನಿನ್ನ ಪಾಲಿಗೆ ಬಂದ ಎದುರಾಳಿಯೇ ನಿನ್ನ ಆಳು, ಅವನನ್ನು ಬಿಡಬೇಡ. ಹಿರಿಯರು ಜಾಣರು. ಚೆಂಡು ಇದ್ದವನನ್ನು ನಮ್ಮ ಹುಡುಗ ಕಾಯುತ್ತ ಸರಿಯುವಾಗ ಅವರಲ್ಲಿ ಇನ್ನೊಬ್ಬ ಬಂದು ದಾರಿಯಲ್ಲಿ ಗೋಡೆಯಂತೆ ಸುಮ್ಮನೆ ನಿಲ್ಲುತ್ತಿದ್ದ. ನಮ್ಮವನು ಆ ಗೋಡೆಗೆ ಹಾಯುತ್ತಿದ್ದ, ಚೆಂಡಿದ್ದವನು ಆರಾಮಾಗಿ ಬುಟ್ಟಿಯ ಕಡೆ ಹೋಗುತ್ತಿದ್ದ. ಇದಕ್ಕೆ ಮದ್ದು ಇದೆ. ಸಿಕ್ಕಿಬಿದ್ದವನು ತನ್ನ ಆಳನ್ನು ಪಕ್ಕದ ಜೊತೆಗಾರನಿಗೆ ಒಪ್ಪಿಸಬೇಕು. ಆದರೆ ಒಪ್ಪಿಸಿದ್ದು ಅವನಿಗೆ ಆ ಕ್ಷಣವೇ ತಿಳಿಯಬೇಕು. ಇಂಗ್ಲಿಷಿನಲ್ಲಿ 'ಸ್ವಿಚ್' ಎನ್ನಿ ಎಂದೆ. ಆ ಶಬ್ದ ಕಿವಿಗೆ ಬಿದ್ದು ಅರ್ಥವಾಗಿ ಕಾಲಿಗೆ ಇಳಿಯುವಷ್ಟರಲ್ಲಿ ಚೆಂಡು ಬುಟ್ಟಿಯೊಳಗೆ. ಅವಸರವಾದರೆ ಗುರುಶಾಂತ ಮರಾಠಿಯಲ್ಲಿ ಕೂಗುತ್ತಿದ್ದ, ಅಂಬಾದಾಸ ತೆಲುಗಿನಲ್ಲಿ, ಬೀರಪ್ಪ ಕೂಗುತ್ತಲೇ ಇರಲಿಲ್ಲ.

ಉಪಾಯ ಹೊಳೆದದ್ದು ಪಕ್ಕದ ಶಾಲೆಯ ಬಯಲಿನಲ್ಲಿ ಮಕ್ಕಳು ಖೋ ಖೋ ಆಡುವುದನ್ನು ನೋಡಿದಾಗ. ಅಟ್ಟಿಸಿಕೊಂಡು ಹೋಗುವವನು ಕೂತವನ ಬೆನ್ನು ಮುಟ್ಟಿ ಖೋ ಎನ್ನುತ್ತಾನೆ. ಕೂತವನು ಯೋಚಿಸದೆ ಜಿಗಿದು ಓಡುತ್ತಾನೆ. ನಮ್ಮ ಒಂಬತ್ತು ಹುಡುಗರೂ ಬಾಲ್ಯದಿಂದ ಆಡಿದ್ದ ಆಟ. ಮರುದಿನ ಬೆಳಿಗ್ಗೆ ಹೊಸ ನಿಯಮ ಹೇಳಿದೆ: ಗೋಡೆಗೆ ಸಿಕ್ಕವನು ಪಕ್ಕದವನ ಬೆನ್ನು ಮುಟ್ಟಿ ಖೋ ಎನ್ನಬೇಕು, ಅವನು ಚೆಂಡಿದ್ದವನ ಮೇಲೆ ಹೋಗಬೇಕು. ಮೊದಲ ಖೋಗೆ ಬೀರಪ್ಪ ಎಷ್ಟು ಬೇಗ ಜಿಗಿದನೆಂದರೆ ಚೆಂಡು ಹಿಡಿದಿದ್ದ ಹುಡುಗ ಹೆದರಿ ಅದನ್ನು ಕೈಬಿಟ್ಟ. ಎರಡು ವಾರ ನಾನು ಬಹಳ ಸಂತೋಷದಿಂದ ಓಡಾಡಿದೆ.

ದಸರೆಯ ಮರುವಾರ ಹಿರಿಯರನ್ನು ಮತ್ತೆ ಕರೆದೆ. ಸಂಜೆಯಾಗಿತ್ತು, ನೋಡಲು ಜನವೂ ಸೇರಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅಂಬಾದಾಸ ಗೋಡೆಗೆ ಸಿಕ್ಕ. ಬೀರಪ್ಪನ ಬೆನ್ನು ಮುಟ್ಟಿ ಖೋ ಎಂದ. ಬೀರಪ್ಪ ಜಿಗಿದು ಚೆಂಡಿದ್ದವನನ್ನು ತಡೆದ. ಅಷ್ಟು ಸರಿ. ಆಮೇಲೆ ಅಂಬಾದಾಸ ಅಲ್ಲಿಯೇ ಕೂತ. ಬೆನ್ನು ನೆಟ್ಟಗೆ ಮಾಡಿ, ಮಂಡಿ ಮಡಚಿ, ಮುಖ ಇನ್ನೊಂದು ಕಡೆ ತಿರುಗಿಸಿ, ಖೋ ಖೋದಲ್ಲಿ ಖೋ ಕೊಟ್ಟವನು ಕೂಡುವ ಹಾಗೆ ಕೂತುಬಿಟ್ಟ. ಬೀರಪ್ಪ ಬಿಟ್ಟುಬಂದಿದ್ದ ಆಳನ್ನು ಕೇಳುವವರೇ ಇಲ್ಲ. ಅವನು ಚೆಂಡು ತರಿಸಿಕೊಂಡು, ನಡೆದುಕೊಂಡು ಹೋಗಿ ಬುಟ್ಟಿಗೆ ಹಾಕಿದ.

ನೋಡುತ್ತಿದ್ದವರಲ್ಲಿ ಒಬ್ಬ, "ಅಂಬಾದಾಸ, ಚಾ ತರಸ್ಲ್ಯಾ?" ಎಂದು ಕೇಳಿದ. ಅಂಬಾದಾಸ ಆಗ ಎಚ್ಚರವಾಗಿ ಎದ್ದ. ಅವನೊಬ್ಬನೇ ಆಗಿದ್ದರೆ ಸರಿಹೋಗುತ್ತಿತ್ತು. ಉಳಿದವರು ಕೂಡಲಿಲ್ಲ, ಆದರೆ ಖೋ ಕೊಟ್ಟ ಕೂಡಲೆ ಅವರ ಮೈ ಸಡಿಲಾಗುತ್ತಿತ್ತು. ತನ್ನ ಪಾಳಿ ಮುಗಿಯಿತು ಎಂಬಂತೆ ಕೈ ಇಳಿಬಿಟ್ಟು ನಿಲ್ಲುತ್ತಿದ್ದರು. ಆಟ ಮುಗಿದ ಮೇಲೆ ಹಿರಿಯರ ನಾಯಕರು ನನ್ನ ಹೆಗಲ ಮೇಲೆ ಕೈಯಿಟ್ಟು, ಐದು ಮಂದಿ ಆಡುವ ಆಟದಲ್ಲಿ ಒಬ್ಬನನ್ನು ಕೂರಿಸುವುದು ಹೊಸ ಪದ್ಧತಿಯೇನು ಎಂದು ವಿಚಾರಿಸಿದರು.

ಅಂದೇ ಖೋ ನಿಷೇಧಿಸಿದೆ. ಮತ್ತೆ ಸ್ವಿಚ್. ಮತ್ತೆ ಅದೇ ತಡ. ಕಾರ್ತಿಕವೆಲ್ಲ ಹೀಗೆ ಕಳೆಯಿತು. ಒಂದು ದಿನ ಬೆಳಿಗ್ಗೆ ಹೆಡ್ ಕ್ಲಾರ್ಕು ಟೇಪು ಹಿಡಿದುಕೊಂಡು ಬಂದು, ನಾವು ಆಡುತ್ತಿರುವಾಗಲೇ ಅಂಗಳದ ಉದ್ದಗಲ ಅಳೆದರು. ಒಂದು ತುದಿ ಸ್ವಲ್ಪ ಹಿಡಿ ಎಂದು ಬೀರಪ್ಪನಿಗೇ ಹೇಳಿದರು. ಅವನು ಹಿಡಿದ. ಆ ದಿನ ಯಾರೂ ತಮಾಷೆ ಮಾಡಲಿಲ್ಲ.

ಮರುದಿನ ಮೂಡಣ ಇನ್ನೂ ಬಿಳುಪೇರುವ ಹೊತ್ತಿಗೆ ಹುಡುಗರು ಸಾಲಾಗಿ ನಿಂತಿದ್ದರು. ಬೀರಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಸರ, ಆ ಖೋ ನಮಗ ತಿರಗಿ ಕೊಡ್ರಿ."

"ಕೊಟ್ರ ಮತ್ತ ಕೂಡ್ತೀರಿ."

"ಕೂಡೂದು ತಪ್ಪಲ್ರಿ. ಎಲ್ಲಿ ಕೂಡಬೇಕಂತ ಮರತೀವಿ. ಖೋ ಕೊಟ್ಟಾಂವ ಯಾರ ಜಾಗಾದಾಗ ಕೂಡತಾನ್ರಿ?"

"ತಗೊಂಡವನ ಜಾಗಾದಾಗ."

"ಹಂಗಾರ ತಗೊಂಡಾಂವ ಬಿಟ್ಟುಹೋದ ಆಳು ಯಾರ ಪಾಲಿಗಿ?"

ನಾನು ಬಾಯಿ ತೆರೆಯುವ ಮೊದಲೇ ಗುರುಶಾಂತ ಹಣೆ ಬಡಿದುಕೊಂಡು, "ಅರೆ, ಕೊಟ್ಟಾಂವನ ಪಾಲಿಗಿ. ಇಷ್ಟ ಸರಳ ಮಾತಿಗಿ ಒಂದ ತಿಂಗಳ ಸ್ವಿಚ್ ಸ್ವಿಚ್ ಅಂತ ಹಾಳ ಮಾಡಿದ್ವಿ" ಎಂದ. ಅಂಬಾದಾಸನಿಗೆ ಸಿಟ್ಟು ಬಂದಿತ್ತು. "ನಾ ಕುಂತ ದಿನಾ ಯಾರರೆ ಇದನ್ನ ಹೇಳಿದ್ರ ಗಂಟ ಹೋಗ್ತಿತ್ತೇನಲೇ ನಿಮ್ದು?"

ನಿಯಮ ಆ ಆಟದಲ್ಲಿಯೇ ಇತ್ತು. ಖೋ ಕೊಟ್ಟವನು ಸುಮ್ಮನೆ ಕೂಡುವುದಿಲ್ಲ, ಎದ್ದುಹೋದವನ ಸ್ಥಾನ ತುಂಬುತ್ತಾನೆ. ನಮ್ಮ ಹುಡುಗರ ಮೈಗೆ ಕೂಡುವುದು ಮಾತ್ರ ನೆನಪಿತ್ತು, ಸ್ಥಾನ ತುಂಬುವುದು ಮರೆತಿತ್ತು. ಅಂದಿನಿಂದ ಅಭ್ಯಾಸ ಬದಲಾಯಿಸಿದೆ. ಇಬ್ಬಿಬ್ಬರು ಎದುರಾಳಿಗಳು, ಇಬ್ಬಿಬ್ಬರು ಕಾಯುವವರು, ಚೆಂಡಿಲ್ಲ. ಮುಟ್ಟು, ಖೋ, ಮತ್ತು ಬಾಯಿಂದ ಶಬ್ದ ಬೀಳುವ ಮೊದಲೇ ಕಾಲು ಅವನು ಬಿಟ್ಟ ಜಾಗಕ್ಕೆ. ನಿಂತವನು ಅಂಗಳ ಸುತ್ತಬೇಕು. ಮೊದಲ ದಿನ ಎಲ್ಲರೂ ಸುತ್ತಿದರು. ಹುಣ್ಣಿಮೆಯ ಹೊತ್ತಿಗೆ ಸುತ್ತುವವರು ಇರಲಿಲ್ಲ. ಗುರುಶಾಂತ ಕೂಡ ಬಗ್ಗಿ ಸರಿಯತೊಡಗಿದ್ದ. ಬಾಯಿ ಮಾತ್ರ ನಿಲ್ಲಿಸಿರಲಿಲ್ಲ.

ಪಂದ್ಯ ಮಾರ್ಗಶಿರದ ಕೊನೆಯ ಭಾನುವಾರ. ಬೆಳಿಗ್ಗೆ ಅಕ್ಕಲಕೋಟದ ಬಸ್ಸು ಹತ್ತಿದೆವು. ರಸ್ತೆಯ ಎರಡೂ ಬದಿಗೆ ಹಿಂಗಾರಿ ಜೋಳ ತೆನೆ ಬಿಟ್ಟು ನಿಂತಿತ್ತು, ಗಾಳಿ ತಣ್ಣಗಿತ್ತು. ಹಿಂದಿನ ದಿನ ಊರಿಗೆ ಹೋಗಿದ್ದ ಬೀರಪ್ಪ ವಳಸಂಗದಲ್ಲಿ ಅಪ್ಪನೊಂದಿಗೆ ಕಾಯುತ್ತ ನಿಂತಿದ್ದ. ಹೆಗಲ ಮೇಲೆ ಕಂಬಳಿ ಹೊದ್ದ ಆ ಹಿರಿಯರು ಮಗನ ಕೈಗೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೊಟ್ಟು, ಹಣೆಗೆ ಬೀರೋಬನ ಭಂಡಾರ ಹಚ್ಚಿದರು. ಕಿಟಕಿಯಿಂದ ಗುರುಶಾಂತನೂ ತಲೆ ಹೊರಗೆ ಹಾಕಿ ಹಣೆ ಒಡ್ಡಿದ. ನೋಡುನೋಡುತ್ತ ಒಂಬತ್ತೂ ಹಣೆ ಹಳದಿಯಾದವು. ಕಂಡಕ್ಟರು ಗೊಣಗಿದ. ಹಿರಿಯರು ನನ್ನನ್ನು ಕೇಳಿದರು: "ಮಾಸ್ತರ, ನಮ್ಮಾಂವ ಗೋಲ ಹಾಕ್ತಾನೇನ್ರಿ?"

"ಇಲ್ರಿ. ಹಾಕಗೊಡೂದಿಲ್ಲ."

"ಅದೂ ಒಂದ ಕೆಲಸ ಆತ ಬಿಡ್ರಿ" ಎಂದು ಹಿರಿಯರು ಬಸ್ಸಿನ ತಗಡನ್ನು ತಟ್ಟಿ ಕಳಿಸಿದರು.

ನಮ್ಮ ಎದುರಿಗೆ ಬಂದದ್ದು ಹಿಂದಿನ ವರ್ಷ ನಮ್ಮನ್ನು ಸೋಲಿಸಿದ ಪುಣೆಯ ಕಡೆಯ ಅದೇ ಕಾಲೇಜು. ಎತ್ತರದ ಹುಡುಗರು, ಬಿಳಿ ಬೂಟು. ನಮ್ಮವರು ಬರಿಗಾಲು. ನಾವು ನಿರೀಕ್ಷಿಸಿದಂತೆಯೇ ಅವರು ಗೋಡೆ ನಿಲ್ಲಿಸಿ ಆಡಿದರು. ಮೊದಲ ಗೋಡೆಗೆ ಅಂಬಾದಾಸ ಸಿಕ್ಕ. ಖೋ. ಬೀರಪ್ಪ ಹೊರಗೆ ಬಂದ, ಅಂಬಾದಾಸ ಅವನ ಜಾಗಕ್ಕೆ ಹೋದ. ಚೆಂಡಿದ್ದ ಹುಡುಗ ಮುಂದೆ ದಾರಿ ಕಾಣದೆ ಹಿಂದಕ್ಕೆ ಕೊಟ್ಟ. ಮತ್ತೊಂದು ಗೋಡೆ, ಮತ್ತೊಂದು ಖೋ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುಶಾಂತ ದೂರದಿಂದ ಎರಡು ಬುಟ್ಟಿ ಹಾಕಿದ. ನಾವು ಮುಂದಿದ್ದೆವು.

ಆಗ ಬಂದ ತೊಂದರೆಯನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನೋಡಲು ಬಂದಿದ್ದ ಅಕ್ಕಲಕೋಟದ ಜನರಿಗೆ ಬಾಸ್ಕೆಟ್‌ಬಾಲ್ ಅಷ್ಟಾಗಿ ಗೊತ್ತಿರಲಿಲ್ಲ, ಖೋ ಖೋ ಚೆನ್ನಾಗಿ ಗೊತ್ತಿತ್ತು. ಬರಿಗಾಲಿನ ಹುಡುಗರು ಖೋ ಎನ್ನುವುದನ್ನು ಕೇಳಿ ಅವರಿಗೆ ಖುಷಿಯಾಯಿತು. ನಮ್ಮ ಮೇಲಿನ ಪ್ರೀತಿಯಿಂದ ಅವರೂ ಕೂಗತೊಡಗಿದರು. ಎಡಗಡೆಯಿಂದ ಖೋ, ಬಲಗಡೆಯಿಂದ ಖೋ, ಗಿಡದ ಮೇಲೆ ಕೂತವರಿಂದ ಖೋ. ನಮ್ಮ ಹುಡುಗರು ಯಾರು ಕರೆದರೆಂದು ತಿಳಿಯದೆ ತಮ್ಮ ತಮ್ಮ ಆಳು ಬಿಟ್ಟು ಎತ್ತೆತ್ತಲೋ ಜಿಗಿದರು. ಅರ್ಧ ಆಟ ಮುಗಿಯುವಷ್ಟರಲ್ಲಿ ನಮ್ಮ ಮುನ್ನಡೆ ಹೋಗಿ ಅವರದಾಗಿತ್ತು.

ವಿರಾಮದಲ್ಲಿ ಸಂಘಟಕರ ಹತ್ತಿರ ಹೋಗಿ, ಜನರನ್ನು ಸುಮ್ಮನಿರಿಸಿ ಎಂದು ಕೇಳಿಕೊಳ್ಳಬೇಕೆನಿಸಿತು. ಕೇಳಲಿಲ್ಲ. ಕೇಳಿದರೂ ಜನ ಸುಮ್ಮನಾಗುತ್ತಿರಲಿಲ್ಲ. ಹುಡುಗರನ್ನು ಸುತ್ತ ಕೂರಿಸಿಕೊಂಡು ನೀರು ಕುಡಿಸಿ ಒಂದೇ ಮಾತು ಹೇಳಿದೆ. ಖೋ ಖೋದಲ್ಲಿ ಬರೀ ಕೂಗಿದರೆ ಖೋ ಆಗುವುದಿಲ್ಲ, ಮುಟ್ಟಲೇಬೇಕು. ಇನ್ನು ಮೇಲೆ ಯಾರೂ ಬಾಯಿ ಬಿಡಬೇಡಿ, ಯಾರ ಬಾಯಿಯನ್ನೂ ನಂಬಬೇಡಿ. ಬೆನ್ನ ಮೇಲೆ ಕೈ ಬಿದ್ದರೆ ಹೊರಡಿ, ಇಲ್ಲದಿದ್ದರೆ ನಿಮ್ಮ ಆಳಿನ ಜೊತೆಗಿರಿ.

"ಊರ ಮಂದಿ ಕೂಗ್ಲಿ ಸರ," ಎಂದ ಬೀರಪ್ಪ. "ಅವರ ಕೈ ಏನ ಇಲ್ಲೀತನಾ ಬರೂದಿಲ್ಲಲ್ರಿ."

ಎರಡನೆಯ ಅರ್ಧ ನಾನು ನೋಡಿದ ಅತ್ಯಂತ ಮೂಕ ಆಟ. ಸುತ್ತ ಗದ್ದಲವೋ ಗದ್ದಲ, ಒಳಗೆ ನಮ್ಮ ಐವರು ಒಂದು ಶಬ್ದವಿಲ್ಲದೆ ಮುಟ್ಟುತ್ತ ಸರಿಯುತ್ತ ಇದ್ದರು. ಎದುರಾಳಿಗಳಿಗೆ ಬುಟ್ಟಿಯ ಹತ್ತಿರ ಬರಲಾಗಲಿಲ್ಲ. ದೂರದಿಂದ ಎಸೆದರು, ತಪ್ಪಿದರು. ಅಂತರ ಕರಗುತ್ತ ಬಂತು, ಸಮವಾಯಿತು. ಅಷ್ಟರಲ್ಲಿ ಫೌಲುಗಳ ಮಿತಿ ಮುಗಿದು ಬೀರಪ್ಪ ಹೊರಗೆ ಬಂದ. ನನ್ನ ಪಕ್ಕ ಕೂತು, ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ನೋಡಿದ.

ಕೊನೆಯ ಗಳಿಗೆ. ಅಂಬಾದಾಸ ಗೋಡೆಗೆ ಸಿಕ್ಕ, ಗುರುಶಾಂತನ ಬೆನ್ನು ಮುಟ್ಟಿದ. ಗುರುಶಾಂತ ಚೆಂಡಿನ ಮೇಲೆ ಹೋದ, ಅಂಬಾದಾಸ ಗುರುಶಾಂತ ಬಿಟ್ಟ ಆಳಿನ ಮುಂದೆ ಹೋಗಿ ಕೈ ಎತ್ತಿ ನಿಂತ. ಎಲ್ಲವೂ ಕಲಿಸಿದ ಹಾಗೆ. ಆ ಆಳು ಅವರ ತಂಡದ ಅತಿ ಎತ್ತರದ ಹುಡುಗ. ಚೆಂಡು ಅವನ ಕೈಗೆ ಮೇಲಿನಿಂದ ಬಂತು, ಅವನು ಅಂಬಾದಾಸನ ಬೆರಳುಗಳ ಮೇಲಿನಿಂದ ಎಸೆದ. ಚೆಂಡು ಕಬ್ಬಿಣದ ಬಳೆಯ ಮೇಲೆ ಕುಣಿದು ಒಳಗೆ ಬಿತ್ತು. ಸಿಳ್ಳೆ ಆಯಿತು. ಒಂದು ಬುಟ್ಟಿಯಿಂದ ಸೋತೆವು.

ಎದುರಾಳಿ ಹುಡುಗರು ಬಂದು ಕೈ ಕುಲುಕಿದರು. ಆ ಐವರೂ ಅವರ ಒಳ್ಳೆಯ ಆಟಗಾರರೇ. ಕೊನೆಯವರೆಗೂ ಯಾರನ್ನೂ ಕೂರಿಸಿರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ರೊಟ್ಟಿ ಹಂಚಿ ತಿಂದೆವು. ಅಂಬಾದಾಸ ಎದ್ದು ಬಂದು ನನ್ನ ಸೀಟಿನ ಹತ್ತಿರ ಕಂಬಿ ಹಿಡಿದು ನಿಂತ. "ಸರ, ನಾ ಜಾಗಾದಾಗ ಇದ್ನಿರಿ."

"ನೋಡೀನಿ" ಎಂದೆ. ಅವನು ಹೋಗಿ ಕೂತ.

ಸೊಲ್ಲಾಪುರದಲ್ಲಿ ಇಳಿದು ಸಾಮಾನು ಇಡಲು ಕಾಲೇಜಿಗೆ ಹೋದೆವು. ಬಿಸಿಲು ಇಳಿಯುತ್ತಿತ್ತು. ಅಂಗಳದ ತುಂಬ ಬಿದಿರು ಬಿದ್ದಿತ್ತು. ಉದ್ದುದ್ದ ಹಸಿ ಬಿದಿರು, ಈ ಬುಟ್ಟಿಯಿಂದ ಆ ಬುಟ್ಟಿಯವರೆಗೆ. ಮಧ್ಯಾಹ್ನ ಚಕ್ಕಡಿಯಲ್ಲಿ ಬಂತು, ಸೈಕಲ್ ಸ್ಟ್ಯಾಂಡಿಗೆ ಹೆಡ್ ಕ್ಲಾರ್ಕು ಮೊನ್ನೆಯೇ ಹೇಳಿಟ್ಟಿದ್ದರು ಎಂದು ಕಾವಲುಗಾರ ತಿಳಿಸಿದ. ಹುಡುಗರು ಅಂಚಿನಲ್ಲಿ ನಿಂತರು, ಯಾರೂ ಒಳಗೆ ಹೆಜ್ಜೆಯಿಡಲಿಲ್ಲ. ಪಂದ್ಯದ ವರದಿಯನ್ನು ನಾಳೆ ಬರೆದುಕೊಡಬೇಕು, ಮೊದಲ ಸಾಲಿನಲ್ಲಿಯೇ ಸೋತೆವು ಎಂದು ಬರೆಯಬೇಕು ಎಂದು ನಾನು ಯೋಚಿಸುತ್ತಿದ್ದೆ.

ಪ್ರಿನ್ಸಿಪಾಲರು ಆಫೀಸಿನ ಕಡೆಯಿಂದ ಬಂದರು. ಧೋತರದ ಅಂಚಿಗೆ ಕೆಂಪು ಧೂಳು ಹತ್ತಿತ್ತು. ನಾನು ಸೋಲಿನ ಸುದ್ದಿ ಹೇಳಲು ಮುಂದಾದೆ. ಅವರು ಕೈಯೆತ್ತಿ ತಡೆದರು.

"ನಾ ಅಲ್ಲೇ ಇದ್ದೆ. ಹಿಂದ ಮಂದ್ಯಾಗ ಕುಂತಿದ್ದೆ. ನಿಮ್ಮ ಮುಂಚಿನ ಬಸ್ಸಿಗೆ ಬಂದೆ."

ಹುಡುಗರು ತಲೆ ತಗ್ಗಿಸಿದರು. ಪ್ರಿನ್ಸಿಪಾಲರು ಬಿದಿರನ್ನೂ ಹುಡುಗರನ್ನೂ ನೋಡಿದರು.

"ಹೋದ ವರ್ಷ ಅರ್ಧಾ ಆಟಕ್ಕ ಎದ್ದು ಬಂದಿದ್ದೆ. ನೋಡೂದಕ್ಕ ಏನೂ ಉಳಿದಿರಲಿಲ್ಲ. ಈ ವರ್ಷ ಕಡೀ ಸಿಳ್ಳಿ ಆಗೂತನಾ ಯಾರ ಗೆಲ್ತಾರಂತ ನನಗ ತಿಳೀಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಈ ಬಿದರ ಯಾಕ ಇಲ್ಲಿ ಹಾಕ್ಯಾರ? ಹಿಂದಿನ ಗ್ವಾಡಿ ಕಡೆ ಒಯ್ಯಸ್ರಿ. ಅಲ್ಲಿ ಜಾಲಿ ಕಡಿಸಿದ್ರ ಸೈಕಲ್ಲಿಗಿ ಜಾಗಾ ಆಗ್ತದ."

ಅಷ್ಟು ಹೇಳಿ ಅವರು ಮನೆಗೆ ಹೊರಟರು. ಗುರುಶಾಂತ ಒಂದು ಬಿದಿರಿನ ಬುಡಕ್ಕೆ ಹೋಗಿ ಬಗ್ಗಿದ. ಮಂಗಳವಾರ ಪೇಟೆಯ ಮನೆಯಲ್ಲಿ ಅವನು ನೀರಿನ ಚೆಂಬನ್ನೂ ತಾನೇ ಎತ್ತಿಕೊಂಡವನಲ್ಲ. ಬೀರಪ್ಪ ತುದಿ ಹಿಡಿದ. ಇಬ್ಬಿಬ್ಬರು ಒಂದೊಂದನ್ನು ಹೊತ್ತು ಹಿಂದಿನ ಕಂಪೌಂಡ್ ಗೋಡೆಯ ಹತ್ತಿರ ಒಯ್ದರು. ನಾನೂ ಹೊತ್ತೆ. ಜಾಲಿಮುಳ್ಳು ತಪ್ಪಿಸಿ, ಗೋಡೆಯ ಉದ್ದಕ್ಕೆ ದಪ್ಪನೆಯವು ಕೆಳಗೆ, ಸಣ್ಣವು ಮೇಲೆ ಬರುವಂತೆ ಒಟ್ಟಿಸಿದೆ. ಕೊನೆಯದನ್ನು ಇಟ್ಟು ಬಂದಾಗ ಅಂಗಳದ ಗರಸಿನಲ್ಲಿ ಬಿದಿರಿನ ಸಿಬಿರು ಚೆಲ್ಲಿದ್ದು ಕಂಡಿತು. ಸೋಮವಾರ ಬೆಳಿಗ್ಗೆ ಅದರ ಮೇಲೆ ಬರಿಗಾಲುಗಳು ಓಡಬೇಕಾಗಿತ್ತು. ಹುಡುಗರನ್ನು ಒಂದು ತುದಿಯಲ್ಲಿ ಸಾಲಾಗಿ ನಿಲ್ಲಿಸಿ, ಬಗ್ಗಿ ಹೆಕ್ಕುತ್ತ ಇನ್ನೊಂದು ತುದಿಗೆ ನಡೆಸಿದೆ. ಬೆಳಕು ಹೋಗುವ ಮೊದಲು ಇನ್ನೊಂದು ಸಲ, ಅಡ್ಡಲಾಗಿ. ಎರಡನೆಯ ಸಲ ಯಾರ ಕೈಗೂ ಒಂದು ಸಿಬಿರೂ ಸಿಗಲಿಲ್ಲ. ಆಗ ಎಲ್ಲರನ್ನೂ ಮನೆಗೆ ಕಳಿಸಿದೆ.